ಶಿಕ್ಷಣ ಸಾಲಕ್ಕೆ ಸಾವುಂಟೇ?

ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಾಗಲಿ, ಸಂಘದ ಸಂಜೆಯ ಕೂಟದಲ್ಲಾಗಲಿ, ರಾಜಧಾನಿಯ ಕನ್ನಡಿಗರ ನಡುವೆ ಮೆಲುದನಿಯಲ್ಲಿ ಕೇಳಿಬರುವ ಮಾತೊಂದುಂಟು: "ಮೂರು ವರ್ಷ ಸುಮ್ಮನಿದ್ದರೆ ಬ್ಯಾಂಕಿನ ಸಾಲ ತಾನಾಗಿಯೇ ಸತ್ತುಹೋಗುತ್ತದಂತೆ." ಊರಿನ ಶಾಖೆಯಲ್ಲಿ ಶಿಕ್ಷಣ ಸಾಲ ಪಡೆದು ಓದಿ, ಗುರುಗ್ರಾಮ, ನೋಯ್ಡಾಗಳಿಗೆ ಬಂದು, ಮನೆ ಬಾಡಿಗೆ ಕಟ್ಟಿದ ಮೇಲೆ ಕಂತಿಗೆ ಏನೂ ಉಳಿಯದ ತರುಣರಿಗೆ ಈ ಮಾತು ಅಮೃತಪ್ರಾಯವಾಗಿ ತೋರುವುದು ಸಹಜ. ಆದರೆ ಇದು ಅರ್ಧಸತ್ಯ. ಇದರ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಊರಿನಲ್ಲಿ ಉಳಿದ ತಂದೆತಾಯಿಗಳು.

ಸತ್ಯದ ಭಾಗ ಇಷ್ಟು. 1963ರ ಕಾಲಮಿತಿ ಕಾಯಿದೆಯಂತೆ, ಅಡಮಾನವಿಲ್ಲದ ಸಾಲದ ವಸೂಲಿಗೆ ದಾವೆ ಹೂಡಲು ಬ್ಯಾಂಕಿಗಿರುವುದು, ದಾವೆಯ ಹಕ್ಕು ಹುಟ್ಟಿದಂದಿನಿಂದ ಮೂರು ವರ್ಷ. ತಡವಾಗಿ ಬಂದ ದಾವೆಯನ್ನು ಪ್ರತಿವಾದಿಯು ಆಕ್ಷೇಪಿಸದಿದ್ದರೂ ನ್ಯಾಯಾಲಯವು ವಜಾಗೊಳಿಸಬೇಕೆಂದು ಅದರ 3ನೆಯ ಕಲಂ ವಿಧಿಸುತ್ತದೆ. ಆದರೆ ಇಲ್ಲಿ ಸಾಯುವುದು ದಾವೆಯ ಹಕ್ಕೇ ಹೊರತು ಸಾಲವಲ್ಲ. ಬಾಂಬೆ ಡೈಯಿಂಗ್ ಕಂಪೆನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರಷ್ಟು ಹಿಂದೆಯೇ ಈ ಭೇದವನ್ನು ಎತ್ತಿಹಿಡಿದಿದೆ. ಬ್ಯಾಂಕು ಬಾಕಿಯನ್ನು 'ರೈಟ್ ಆಫ್' ಮಾಡಿದರೂ ಅದು ಲೆಕ್ಕಪತ್ರದ ಕ್ರಮವೇ ಹೊರತು ಮನ್ನಾ ಅಲ್ಲ. ಸಿಬಿಲ್ ಮೊದಲಾದ ಸಂಸ್ಥೆಗಳ ದಾಖಲೆಯಲ್ಲಿ ಆ ಕಲೆ ವರ್ಷಗಟ್ಟಲೆ ಉಳಿದು, ಮುಂದೆ ದ್ವಾರಕೆಯಲ್ಲಿ ಒಂದು ಫ್ಲಾಟಿಗಾಗಿ ಸಾಲ ಕೇಳಹೋದಾಗ ಎದುರು ನಿಲ್ಲುತ್ತದೆ.

ಬೆರಳೆಣಿಕೆಯ ಲೆಕ್ಕವೂ ಅನೇಕರಿಗೆ ತಪ್ಪುತ್ತದೆ. ಕೋವಿಡ್ ನಿಮಿತ್ತ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯವು ಕಾಲಮಿತಿಯ ಗಣನೆಯಿಂದಲೇ ಹೊರಗಿಟ್ಟಿತು. ಮನೆಯನ್ನೋ ತೋಟವನ್ನೋ ಅಡವಿಟ್ಟಿದ್ದರೆ ಅವಧಿ ಮೂರಲ್ಲ, ಹನ್ನೆರಡು ವರ್ಷ. ಒಮ್ಮೆ ಡಿಕ್ರಿ ಆಯಿತೆಂದರೆ ಅದರ ಜಾರಿಗೂ ಹನ್ನೆರಡು ವರ್ಷ.

ಎಲ್ಲಕ್ಕಿಂತ ಮುಖ್ಯವಾದುದು ತಂದೆಯ ಸಹಿ. ಇಂದಿನ ಶಿಕ್ಷಣ ಸಾಲಗಳಿಗೆ ಮೂಲವಾದುದು, ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್. ಜೆ. ಕಾಮತರ ಅಧ್ಯಯನ ತಂಡದ ವರದಿಯನ್ನು ಆಧರಿಸಿ 2001ರಲ್ಲಿ ಬಂದ ಮಾದರಿ ಯೋಜನೆ. ಅದರಲ್ಲಿ ತಂದೆಯೋ ತಾಯಿಯೋ ಸಹಸಾಲಗಾರರು. ಮೂರು ವರ್ಷ ತುಂಬುವ ಮುನ್ನ ಶಾಖೆಯಿಂದ ಒಬ್ಬರು ಒಂದು ಹಾಳೆ ಹಿಡಿದು ಊರಿನ ಮನೆಗೆ ಬರುತ್ತಾರೆ. ಬಾಕಿ ಇಷ್ಟಿದೆ ಎಂಬ ಒಪ್ಪಿಗೆಗೆ ಆ ವೃದ್ಧರು ಜಗಲಿಯಲ್ಲಿಯೇ ಸಹಿ ಹಾಕುತ್ತಾರೆ, ಬಂದವರಿಗೆ ಕಾಫಿಯನ್ನೂ ಕೊಡುತ್ತಾರೆ. ಆ ಸಹಿಯಿಂದ ಮೂರು ವರ್ಷ ಹೊಸದಾಗಿ ಆರಂಭ. ಆದರೆ ಯಾರ ಮೇಲೆ? ಕಾಯಿದೆಯ 20ನೆಯ ಕಲಮಿನಂತೆ ಒಬ್ಬ ಸಹಸಾಲಗಾರನ ಒಪ್ಪಿಗೆ ಮಾತ್ರದಿಂದಲೇ ಇನ್ನೊಬ್ಬನು ಬದ್ಧನಾಗುವುದಿಲ್ಲ. ಕರಾರಿನಲ್ಲಿ ಅಂತಹ ಅಧಿಕಾರವನ್ನು ಕೊಟ್ಟಿದ್ದರೆ ಮಾತು ಬೇರೆ. ಎಂದರೆ, ಓದಿ ಸಂಬಳ ಪಡೆಯುವ ಮಗ ದೆಹಲಿಯಲ್ಲಿ ಕಾನೂನಿನ ಕೈಯಿಂದ ಪಾರಾಗಿ, ಓದದ ತಂದೆ ಊರಿನಲ್ಲಿ ಸಿಕ್ಕಿಬೀಳಬಹುದು! ತಂದೆಯ ಸಾಲಕ್ಕೆ ಮಗನು ಹೊಣೆಯೆಂಬ ಹಳೆಯ ಧರ್ಮಬಾಧ್ಯತೆಯನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಹೊಸ ಸಾಲಗಳ ಮಟ್ಟಿಗೆ ರದ್ದುಪಡಿಸಿತು. ಮಗನ ಸಾಲಕ್ಕೆ ತಂದೆಯು ಹೊಣೆಯಾಗುವುದನ್ನು ಮಾತ್ರ ಕರಾರು ಜೀವಂತವಾಗಿರಿಸಿದೆ. ರಕ್ತದೊತ್ತಡಕ್ಕೆ ವೈದ್ಯರು ಉಪ್ಪನ್ನು ದೂರುವುದುಂಟು; ಅಂಚೆಯಲ್ಲಿ ಬಂದ ವಕೀಲರ ನೋಟೀಸನ್ನೂ ಆ ಪಟ್ಟಿಗೆ ಸೇರಿಸಿದರೆ ತಪ್ಪಾಗಲಾರದು.

ಅವಧಿ ಮುಗಿದ ಮೇಲೆ ಪಡೆದ ಬರಿಯ ಒಪ್ಪಿಗೆಗೆ ಈ ಶಕ್ತಿಯಿಲ್ಲ. ಆಗ 1872ರ ಕರಾರು ಕಾಯಿದೆಯಂತೆ 'ತೀರಿಸುತ್ತೇನೆ' ಎಂಬ ಲಿಖಿತ ವಚನವೇ ಬೇಕು. ಸಹಿ ಪಡೆಯುವವರು ಈ ವ್ಯತ್ಯಾಸವನ್ನು ಕನ್ನಡದಲ್ಲಿ ಓದಿ ಹೇಳುವುದು ನ್ಯಾಯ. ಠೇವಣಿದಾರರ ಹಣವನ್ನು ಹಿಂದಕ್ಕೆ ಪಡೆಯುವುದು ಬ್ಯಾಂಕಿನ ಕರ್ತವ್ಯವೇ ಸರಿ. ಆದರೆ ಸಾಲಗಾರನಿಗೆ ಕನ್ನಡಕ ಸಿಗದ ಹೊತ್ತಿನಲ್ಲಿ ಸಹಿ ಪಡೆಯುವುದು ಆ ಕರ್ತವ್ಯದ ಅಂಗವಲ್ಲ.

ತಮ್ಮ ಬ್ಯಾಂಕೇ ಇಲ್ಲವಾಯಿತು, ಸಾಲವೂ ಹೋಯಿತು ಎಂದು ನಂಬಿದವರೂ ಇದ್ದಾರೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮರುವರ್ಷ ಅದೇ ದಿನ ಕೆನರಾ ಬ್ಯಾಂಕಿನಲ್ಲಿ ಲೀನವಾದುವು. ಅವುಗಳ ಸಾಲಪತ್ರಗಳೂ ಜೊತೆಗೇ ಹೋದುವು. ಇಂಗ್ಲೆಂಡಿನಲ್ಲಿ ಸರಕಾರಿ ವಿದ್ಯಾರ್ಥಿ ಸಾಲವು ನಿಗದಿತ ವರ್ಷಗಳ ತರುವಾಯ ರದ್ದಾಗುವ ಏರ್ಪಾಡಿದೆ. ಅಮೆರಿಕದಲ್ಲಿ ಕೇಂದ್ರ ಸರಕಾರದ ವಿದ್ಯಾರ್ಥಿ ಸಾಲಕ್ಕೆ 1991ರಿಂದ ಕಾಲಮಿತಿಯೇ ಇಲ್ಲ. ನಮ್ಮದು ಇವೆರಡರ ನಡುವಿನ ದಾರಿ.

ಕಷ್ಟಕ್ಕೆ ಸಿಕ್ಕಿದವರು ವರ್ಷಗಳನ್ನೆಣಿಸುತ್ತ ಕೂಡುವುದಕ್ಕಿಂತ, ಕಂತು ತಪ್ಪಿ ತೊಂಬತ್ತು ದಿನ ಕಳೆದು ಖಾತೆ ಕೆಡುವ ಮುನ್ನ ಶಾಖೆಗೆ ಬರೆದು ಮರುಹೊಂದಾಣಿಕೆ ಕೇಳುವುದು ಲೇಸು. ಕೆಟ್ಟ ಖಾತೆಗೆ ಲೋಕ ಅದಾಲತ್ತಿನ ದಾರಿಯುಂಟು. ದೆಹಲಿಯ ಜಿಲ್ಲಾ ನ್ಯಾಯಾಲಯಗಳಲ್ಲಿ ಅದು ನಡೆಯುತ್ತದೆ. ಅಲ್ಲಿನ ರಾಜಿಗೆ ಡಿಕ್ರಿಯ ಬಲವಿರುವುದರಿಂದ, ಕಟ್ಟಲಾಗದ ಮೊತ್ತಕ್ಕೆ ಒಪ್ಪಬಾರದು. ಸಾಲ ತೀರಿದ ಮೇಲೆ ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಬೇಕು. ಅಡವಿಟ್ಟ ಆಸ್ತಿಯ ಮೂಲಪತ್ರಗಳನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದೂ, ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ.