ಕೊಟ್ಟೆ ಕಟ್ಟಿದ ಗಾಜು

ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಹೊದಿಸಿ ರಬ್ಬರ್ ಬ್ಯಾಂಡ್ ಹಾಕದ ಮನೆ ನಮ್ಮ ಕಡೆ ಕಡಿಮೆ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕು ತಾನಾಗಿ ಹರಿದು ಚಿಂದಿಯಾಗುವ ತನಕ ಅದನ್ನು ತೆಗೆಯಲು ಕೈ ಬರುವುದಿಲ್ಲ. ಈ ಸಾಲಿಗೆ ಈಚೆಗೆ ಸೇರಿದ್ದು ಟ್ಯಾಬ್. ಬ್ಯಾಕೋಡಿನ ಒಂದು ಮನೆಯಲ್ಲಿ ನಾನು ಕಂಡ ಟ್ಯಾಬಿಗೆ ಕಾರ್ಖಾನೆಯಲ್ಲೇ ಅಂಟಿಸಿದ ತೆಳುಹಾಳೆ ಇನ್ನೂ ಹಾಗೇ ಇತ್ತು. ಅದರ ಮೇಲೆ ಟೆಂಪರ್ಡ್ ಗ್ಲಾಸು, ಬೆನ್ನಿಗೆ ರಬ್ಬರ್ ಕವರು, ಅದಕ್ಕೊಂದು ಮಡಚುವ ಪೌಚು, ಎಲ್ಲದರ ಮೇಲೆ ಹಳೇ ಸೀರೆಯಲ್ಲಿ ಹೊಲಿದ ಚೀಲ. ಇಷ್ಟನ್ನೂ ಬಿಚ್ಚುವಷ್ಟರಲ್ಲಿ ಅದನ್ನು ಯಾಕೆ ತೆಗೆದದ್ದು ಎಂಬುದೇ ಮರೆತುಹೋಗುತ್ತಿತ್ತು ಎಂದು ಆ ಮನೆಯ ಹುಡುಗ ನಕ್ಕ. ಅವನ ಅಮ್ಮ ನಗಲಿಲ್ಲ. ಅವರ ಪ್ರಕಾರ ಅದು ‘ಹೊಸದಾಗೇ ಇದೆ’.

ಆ ಮಾತಿನಲ್ಲೇ ನನ್ನ ತಕರಾರು ಇರುವುದು. ಆದರೆ ತಕರಾರು ಎತ್ತುವ ಮುಂಚೆ ಆ ತಾಯಿಯ ಪರ ಹೇಳಬೇಕಾದದ್ದನ್ನು ಹೇಳಿಬಿಡಬೇಕು.

ಬ್ಯಾಕೋಡು ಸಾಗರ ತಾಲ್ಲೂಕಿನ ಊರಾದರೂ ಶರಾವತಿ ಹಿನ್ನೀರಿನ ಆಚೆ ದಡದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಹರಡಿದ ಮೇಲೆ ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರದ ಪೇಟೆಯೆಂದರೆ ಲಾಂಚ್ ಕಾಯುವ ಕೆಲಸವಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದಕ್ಕೆ ಮುಂಚೆ ಟ್ಯಾಬಿನ ಪರದೆ ಒಡೆಯಿತೆಂದರೆ ಒಂದು ದಿನ ಕೆಲಸ ಬಿಟ್ಟು ಹೊಳೆ ದಾಟಿ ಅಂಗಡಿಗೆ ಕೊಟ್ಟು ಬರಬೇಕಿತ್ತು. ‘ಪಾರ್ಟ್ ಶಿವಮೊಗ್ಗದಿಂದ ಬರಬೇಕು’ ಎಂಬ ಮಾತು ಕೇಳಬೇಕಿತ್ತು. ತರಲಿಕ್ಕೆ ಇನ್ನೊಂದು ದಿನ ಹೋಗಬೇಕಿತ್ತು. ಅಷ್ಟಾದ ಮೇಲೆ ಗಾಜೂ ಒಳಗಿನ ಡಿಸ್ಪ್ಲೇಯೂ ಒಂದಕ್ಕೊಂದು ಅಂಟಿಕೊಂಡ ಮಾದರಿ, ಎರಡನ್ನೂ ಬದಲಿಸಬೇಕು, ಆ ದುಡ್ಡಿಗೆ ಹೊಸದೇ ಬರುತ್ತದೆ ಎಂಬ ಉಪದೇಶ. ರಿಪೇರಿಯವನು ಎಷ್ಟು ದೂರವೋ ಹೊದಿಕೆ ಅಷ್ಟು ದಪ್ಪ. ಇದನ್ನು ಜಿಪುಣತನವೆಂದು ಬೆಂಗಳೂರಿನಲ್ಲಿ ಕುಳಿತವರು ಹೇಳಬಹುದು. ಹೊಳೆಯ ಆಚೆಯವರು ಹೇಳಲಾರರು.

ಇನ್ನೂ ಒಂದು ಮಾತು. ಇಲ್ಲಿಗೆ ಟ್ಯಾಬ್ ಬಂದದ್ದು ಸೋಫಾದ ಮೇಲೆ ಕುಳಿತು ಸಿನಿಮಾ ನೋಡುವ ಆಟಿಕೆಯಾಗಿ ಅಲ್ಲ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ಸಾಲ ಮಾಡಿಯೂ ಕೊಂಡರು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವೇ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರುಮಾಡಿತು. ಕೈಗೆ ಟ್ಯಾಬೇನೋ ಬಂತು, ನೆಟ್‌ವರ್ಕ್ ಬರಲಿಲ್ಲ. ಹಾಗಾಗಿ ಮಲೆನಾಡಿನ ಟ್ಯಾಬುಗಳು ಗುಡ್ಡ ಹತ್ತಿದವು. ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟ್ಯಾಬು ಹಿಡಿದು ಪಾಠ ಕೇಳಿದವರಿದ್ದಾರೆ. ಮೇಜು-ಕುರ್ಚಿಯ ಲೆಕ್ಕದಲ್ಲಿ ಮಾಡಿದ ವಸ್ತು ಗುಡ್ಡ ಹತ್ತಿದಾಗ ಅದಕ್ಕೆ ಹೊದಿಕೆ ಬೇಕೇ ಬೇಕು. ಪ್ರಶ್ನೆ ಇರುವುದು ಎಂಥ ಹೊದಿಕೆ, ಯಾವುದರಿಂದ ಕಾಪಾಡಲು ಎಂಬುದರಲ್ಲಿ.

ನಾವು ಹೆದರುವುದು ಬೀಗದ ಕೈಗೆ, ಚಿಲ್ಲರೆ ಕಾಸಿಗೆ. ಅವುಗಳ ತಪ್ಪು ಅಷ್ಟಿಲ್ಲ. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಏಣಿ ಮಾಡಿದ. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುತ್ತದೆ, ಅಷ್ಟೇ ಅದರ ನಿಯಮ. ಹಿತ್ತಾಳೆಯ ಬೀಗದ ಕೈ ಮೂರು-ನಾಲ್ಕರ ಆಸುಪಾಸು. ಕಿಟಕಿಯ ಗಾಜು ಐದೂವರೆ. ಟ್ಯಾಬಿನ ಗಟ್ಟಿ ಗಾಜು ಅದಕ್ಕಿಂತ ಸ್ವಲ್ಪ ಮೇಲೆ. ಮರಳಿನ ಬೆಣಚು ಏಳು. ಅಂದರೆ ಗಾಜಿನ ನಿಜವಾದ ಶತ್ರು ಜೇಬಿನ ಬೀಗದ ಕೈಯಲ್ಲ, ಆ ಜೇಬಿನ ತಳದಲ್ಲಿ ಸೇರಿಕೊಂಡ ಮಣ್ಣು. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿನ ಜೊತೆಗೆ ಬೆಣಚಿನ ಕಣವೂ ಇರುತ್ತದೆ. ಬೇಸಿಗೆಯಲ್ಲಿ ಬಸ್ಸು ಹೋದ ಹತ್ತು ನಿಮಿಷ ರಸ್ತೆ ಬದಿಯ ಗಿಡಗಳೆಲ್ಲ ಕೆಂಪಾಗುತ್ತವಲ್ಲ, ಆ ಧೂಳು ಟ್ಯಾಬಿನ ಮೇಲೂ ಕೂತಿರುತ್ತದೆ. ಅದನ್ನು ನಾವು ಏನು ಮಾಡುತ್ತೇವೆ? ಪಂಚೆಯ ತುದಿಯಿಂದಲೋ ಸೆರಗಿನಿಂದಲೋ ಒತ್ತಿ ಒರೆಸುತ್ತೇವೆ. ಒರೆಸಿದ್ದು ಕಾಳಜಿಯಿಂದ, ಆದದ್ದು ಮರಳು ಕಾಗದದ ಕೆಲಸ. ಮೊದಲು ಊದಿ ಅಥವಾ ಕೊಡವಿ ಧೂಳು ಹಾರಿಸಿ, ಆಮೇಲೆ ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಅರ್ಧ ಗೀರು ಬೀಳುವುದೇ ಇಲ್ಲ. ಇದಕ್ಕೆ ಕಾಸು ಖರ್ಚಿಲ್ಲ, ಅದಕ್ಕೇ ಯಾರೂ ಮಾರುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಮಾರುವುದು ‘9ಎಚ್’ ಎಂದು ಬರೆದ ಗ್ಲಾಸನ್ನು. ಆ ಒಂಬತ್ತನ್ನು ಮೋಸ್‌ನ ಒಂಬತ್ತೆಂದು ತಿಳಿದು ಕೊಳ್ಳುವವರೇ ಹೆಚ್ಚು. ಮೋಸ್‌ನ ಒಂಬತ್ತೆಂದರೆ ಮಾಣಿಕ್ಯ, ನೀಲ. ಡಬ್ಬಿಯ ಮೇಲಿನ ಒಂಬತ್ತು ಪೆನ್ಸಿಲಿನದು. ಎಚ್‌ಬಿ, 2ಎಚ್ ಎಂದು ಡ್ರಾಯಿಂಗ್ ಪೆನ್ಸಿಲುಗಳ ಮೇಲೆ ಬರೆದಿರುತ್ತದಲ್ಲ, ಅದೇ ಲೆಕ್ಕ. ಅತಿ ಗಟ್ಟಿ ಪೆನ್ಸಿಲಿನಿಂದ ಗೀಚಿದರೆ ಗೆರೆ ಬೀಳುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಇಲ್ಲಿ ಪೆನ್ಸಿಲಿನಿಂದ ಟ್ಯಾಬನ್ನು ಗೀಚುವವರು ಯಾರು? ಹಾಗೆಂದು ಆ ಗ್ಲಾಸು ದಂಡವೆಂದಲ್ಲ. ಗೀರನ್ನೂ ಪೆಟ್ಟನ್ನೂ ತಾನು ತಿಂದು, ಕಡಿಮೆ ದುಡ್ಡಿಗೆ ಬದಲಾಗುತ್ತದೆ. ಅದರ ಗುಣ ಗಡಸುತನವಲ್ಲ, ಬಲಿಯಾಗುವುದು.

ಗೀರನ್ನು ಬರೀ ಅಂದಚೆಂದದ ವಿಷಯವೆಂದು ತಳ್ಳಿಹಾಕುವಂತೆಯೂ ಇಲ್ಲ. ಗಾಜು ಒಡೆಯುವುದು ಅದರಲ್ಲಿರುವ ಸಣ್ಣ ಸಣ್ಣ ಬಿರುಕುಗಳಿಂದ ಎಂದು ಇಂಗ್ಲೆಂಡಿನ ಗ್ರಿಫಿತ್ 1920ರಲ್ಲೇ ತೋರಿಸಿಕೊಟ್ಟ. ಟ್ಯಾಬಿನ ಗಾಜನ್ನು ಬಿಸಿ ಪೊಟ್ಯಾಸಿಯಂ ಲವಣದ ದ್ರವದಲ್ಲಿ ಅದ್ದಿರುತ್ತಾರೆ. ಗಾಜಿನಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಒತ್ತರಿಸಿ ಕೂರುತ್ತವೆ. ಸಿಗಂದೂರು ಜಾತ್ರೆಯ ದಿನದ ಬಸ್ಸಿನಂತೆ ಮೇಲ್ಪದರ ಬಿಗಿಯಾಗುತ್ತದೆ. ಆ ಬಿಗಿಯೇ ಬಿರುಕನ್ನು ಬಾಯಿ ಬಿಡದಂತೆ ಹಿಡಿದಿರುತ್ತದೆ. ಪದರವಾದರೋ ಕೂದಲೆಳೆಯಷ್ಟು ತೆಳು. ಅದನ್ನು ದಾಟಿದ ಗೀರು ಮುಂದಿನ ಬೀಳುವಿಕೆಗೆ ದಾರಿ ಮಾಡಿಟ್ಟ ಹಾಗೆ. ಮೂಲೆ ಕೆಳಗಾಗಿ ಬಿದ್ದರಂತೂ ಪೂರಾ ಪೆಟ್ಟು ಒಂದೇ ಬಿಂದುವಿಗೆ. ನಮ್ಮ ಅಜ್ಜಂದಿರ ಸ್ಲೇಟಿಗೆ ಸುತ್ತಲೂ ಮರದ ಚೌಕಟ್ಟು ಇದ್ದದ್ದು ಇದೇ ಕಾರಣಕ್ಕೆ. ಆ ಕಲ್ಲಿನ ಮೇಲ್ಮೈ ಮಾತ್ರ ತೆರೆದೇ ಇರುತ್ತಿತ್ತು. ಗೀಚಬೇಕಾದದ್ದೇ ಅಲ್ಲಿ, ಬರೆದದ್ದನ್ನು ನೀರುಕಡ್ಡಿ ಗಿಡದಿಂದ ಒರೆಸಿದರೆ ಆಯಿತು. ಅಂಚಿಗೆ ಕಾವಲು, ನಡುವೆ ಬಯಲು. ಟ್ಯಾಬಿನ ಕವರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಈಗಲೂ ಸಿಕ್ಕಿಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಆಗ ಧೂಳಿಲ್ಲ, ಬೂಸ್ಟು ಇದೆ. ಚರ್ಮದ ಚಪ್ಪಲಿಗೆ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೆ, ಪುಸ್ತಕದ ಬೆನ್ನಿಗೆ ಹಿಡಿಯುವ ಬೂಸ್ಟು ಟ್ಯಾಬಿನ ರೆಕ್ಸಿನ್ ಪೌಚನ್ನೂ ಬಿಡುವುದಿಲ್ಲ. ಇಲ್ಲಿ ಹೊದಿಕೆ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಒಳಗೆ ಸೇರಿದ ಥಂಡಿ ಹೊರಗೆ ಹೋಗದು. ಒಮ್ಮೆ ನನ್ನದೇ ಟ್ಯಾಬಿನ ರಬ್ಬರ್ ಕವರನ್ನು ಎರಡು ವರ್ಷದ ಮೇಲೆ ಬಿಚ್ಚಿದಾಗ ಅಂಚಿನುದ್ದಕ್ಕೂ ಕೆಂಪು ಕೆಸರಿನ ಗೆರೆ ಗಟ್ಟಿಯಾಗಿ ಕೂತಿತ್ತು. ಅದರಡಿ ಲೋಹ ಒರಟಾಗಿ ಸವೆದಿತ್ತು. ಹೊರಗಿನ ಮಣ್ಣು ಒರೆಸಿದರೆ ಹೋಗುತ್ತಿತ್ತು. ಕವರಿನೊಳಗೆ ಸಿಕ್ಕಿಕೊಂಡ ಮಣ್ಣು ಎರಡು ವರ್ಷ ಕೂತು ತಿಕ್ಕಿದೆ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಹೆದರಿ ಮಳೆ ಹಿಡಿಯುವ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ಇಲ್ಲಿಯದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಗಳಿಗೂ ಹಿಂದೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ಮೇಲೂ ಕೊಟ್ಟೆ ಪೂರ್ತಿ ಹೋಗಲಿಲ್ಲ. ಹಾಳೆ, ಕರಡ ಹೋಗಿ ಪ್ಲಾಸ್ಟಿಕ್ ಬಂತು. ಕೊಟ್ಟೆಯನ್ನು ಮೇಲೆ ಬಿಗಿದು ಕೆಳಗೆ ಬಾಯಿ ಬಿಟ್ಟಿರುತ್ತಾರೆ. ನೀರು ಇಳಿಯಬಾರದು, ಗಾಳಿ ಆಡಬೇಕು. ಕೆಳಗೂ ಬಿಗಿದುಬಿಟ್ಟರೆ ಕಾಯಿ ಕೊಟ್ಟೆಯೊಳಗೇ ಕೊಳೆಯುತ್ತದೆ. ಅಷ್ಟಕ್ಕೂ ಕೊಟ್ಟೆ ಕಟ್ಟುವುದು ಕಾಯಿ ಬಲಿತು ಕೊಯ್ಲಿಗೆ ಬರಲಿ ಎಂದು. ಕೊಟ್ಟೆಯ ಸಮೇತ ಕೊನೆಯನ್ನು ಮರದಲ್ಲೇ ಉಳಿಸಿ ‘ಹೊಸದಾಗೇ ಇದೆ’ ಎನ್ನುವ ಬೆಳೆಗಾರನನ್ನು ನಾನು ಕಂಡಿಲ್ಲ.

ತೋಟದಲ್ಲಿ ಇಷ್ಟು ವಿವೇಕ ಇರುವವರು ಮನೆಯೊಳಗೆ ಬಂದ ಕೂಡಲೇ ಯಾಕೆ ಬೇರೆ ಆಗುತ್ತೇವೆ? ನನಗೆ ತೋಚುವ ಕಾರಣ ಇದು. ಮನೆಯ ವಸ್ತುಗಳ ಬಗ್ಗೆ ನಮ್ಮ ಅಭ್ಯಾಸ ರೂಪುಗೊಂಡದ್ದು ತಾಮ್ರದ ಹಂಡೆ, ಕಂಚಿನ ತಟ್ಟೆ, ಬೀಟೆಯ ಪೆಟ್ಟಿಗೆಗಳ ಮೇಲೆ. ಅಟ್ಟದ ಮೇಲಿಟ್ಟರೆ ಅವು ಐವತ್ತು ವರ್ಷ ಕಾಯುತ್ತವೆ. ಮಗಳ ಮದುವೆಗೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿದರೆ ಮತ್ತೆ ಹೊಳೆಯುತ್ತವೆ. ಬಳಸದೆ ಇಟ್ಟದ್ದು ಅಲ್ಲಿ ನಿಜವಾಗಿಯೂ ಉಳಿತಾಯ. ಟ್ಯಾಬ್ ಈ ಜಾತಿಯದಲ್ಲ. ಅದರ ಲಿಥಿಯಂ ಬ್ಯಾಟರಿ ಸುಮ್ಮನೆ ಬಿದ್ದಿದ್ದರೂ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದರೆ ಮತ್ತೆ ಚಾರ್ಜ್ ಹಿಡಿಯದೆಯೂ ಹೋಗಬಹುದು. ಕೆಲವು ವರ್ಷಕ್ಕೆ ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ನಿಲ್ಲಿಸುತ್ತದೆ. ಬ್ಯಾಂಕಿನ ಆ್ಯಪು ‘ಈ ಸಾಧನಕ್ಕೆ ಹೊಂದುವುದಿಲ್ಲ’ ಎನ್ನುತ್ತದೆ. ಅಷ್ಟು ಹೊತ್ತಿಗೆ ಗಾಜು ಗೀರಿಲ್ಲದೆ ಹೊಳೆಯುತ್ತಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಪೆಟ್ಟಿಗೆಯಲ್ಲಿಟ್ಟರೂ ವಯಸ್ಸಾಗುವ ವಸ್ತುವಿಗೆ ನಾವು ಹಂಡೆಯ ಉಪಚಾರ ಮಾಡುತ್ತಿದ್ದೇವೆ. ಒಂದು ಶಾಲೆಯಲ್ಲಿ ‘ಮಕ್ಕಳು ಹಾಳು ಮಾಡ್ತಾರೆ’ ಎಂದು ಬೀರುವಿನಲ್ಲಿ ಬೀಗ ಹಾಕಿಟ್ಟ ಟ್ಯಾಬುಗಳನ್ನು ನಾನು ನೋಡಿದ್ದೇನೆ. ತೆಗೆದಾಗ ಒಂದರ ಮೇಲೂ ಗೀರಿಲ್ಲ, ಒಂದೂ ಹೊತ್ತಿಕೊಳ್ಳಲಿಲ್ಲ, ಎರಡರ ಬೆನ್ನು ಉಬ್ಬಿತ್ತು. ಮಕ್ಕಳ ಕೈಗೆ ಕೊಟ್ಟಿದ್ದರೆ ಇದಕ್ಕಿಂತ ಹಾಳು ಮಾಡಲು ಅವರಿಗೆ ಸಾಧ್ಯವಿತ್ತೇ?

ಇದಕ್ಕೆ ಎದುರು ವಾದವೊಂದಿದೆ, ಅದೂ ಗಟ್ಟಿಯಾದದ್ದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಳಾ, ಜಯಧವಳಾ ಎಂಬ ಜೈನ ಟೀಕೆಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದವು. ಅವನ್ನು ಓದಲು ಕೊಡುತ್ತಿರಲಿಲ್ಲ, ದೂರದಿಂದ ದರ್ಶನ ಮಾತ್ರ. ಅಷ್ಟು ಬಿಗಿ ಕಾವಲು ಇಲ್ಲದಿದ್ದರೆ ಅವು ನಮ್ಮ ತನಕ ಬರುತ್ತಲೇ ಇರಲಿಲ್ಲ ಎನ್ನಬಹುದು, ನಾನೂ ಒಪ್ಪುತ್ತೇನೆ. ಆದರೆ ಕಥೆ ಅಲ್ಲಿಗೇ ನಿಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವನ್ನು ಬಿಚ್ಚಿ ನಕಲು ಮಾಡಲು ಕೂತರು, ಒಂದು ಪ್ರತಿ ಗುಟ್ಟಾಗಿ ಹೊರಬಿತ್ತು, 1939ರಿಂದ ಧವಳಾ ಸಂಪುಟ ಸಂಪುಟವಾಗಿ ಅಚ್ಚಾಯಿತು. ಇಂದು ಗ್ರಂಥ ಬದುಕಿರುವುದು ಆ ನಕಲಿನಿಂದ. ಕಾವಲು ಗರಿಯನ್ನು ಉಳಿಸಿತು, ಕೈ ತಾಗಿದ ಮೇಲೆ ಗ್ರಂಥ ಉಳಿಯಿತು. ಗರಿಗಾದರೋ ಶತಮಾನಗಳು ಕಾಯುವ ತಾಳ್ಮೆಯಿತ್ತು. ಟ್ಯಾಬಿಗೆ ಏಳು ವರ್ಷದ್ದೂ ಇಲ್ಲ.

ಟ್ಯಾಬಿನಲ್ಲಿ ಗರಿ ಯಾವುದು, ಗ್ರಂಥ ಯಾವುದು ಎಂದು ಕೇಳಿಕೊಂಡರೆ ಕಾಳಜಿಯ ದಿಕ್ಕೇ ಬದಲಾಗುತ್ತದೆ. ಸುಮಾರು 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ಸಿಂಪ್ಯೂಟರ್ ಎಂಬ ಕೈಗಣಕ ರೂಪಿಸಿದ್ದರು. ಯಂತ್ರವನ್ನು ಊರಿನವರು ಹಂಚಿಕೊಳ್ಳಬಹುದು, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಎಂಬುದು ಅವರ ಲೆಕ್ಕ. ವ್ಯಾಪಾರದಲ್ಲಿ ಅದು ಸೋತಿತು, ಯೋಚನೆ ಸೋಲಬೇಕಾಗಿರಲಿಲ್ಲ. ನಾವು ಗಾಜಿಗೆ ಮೂರು ಪದರ ಹೊದಿಸುತ್ತೇವೆ; ಒಳಗಿರುವ ಪಹಣಿಯ ಚಿತ್ರ, ತೀರಿಹೋದ ಅಜ್ಜಿ ಹೇಳಿದ ಹಾಡಿನ ಧ್ವನಿಮುದ್ರಣ, ಮಗಳ ಅಂಕಪಟ್ಟಿ, ಇವುಗಳ ಇನ್ನೊಂದು ಪ್ರತಿ ಎಲ್ಲಿದೆಯೆಂದರೆ ಎಲ್ಲೂ ಇಲ್ಲ. ಟ್ಯಾಬು ನೀರಿಗೆ ಬಿದ್ದ ದಿನ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತೇವೆ. ಅಕ್ಕಿಯಲ್ಲಿಡಬೇಡಿ, ಸಣ್ಣ ಕಣಗಳು ಒಳಗೆ ಸೇರುತ್ತವೆ ಎಂದು ಆ್ಯಪಲ್ ಕಂಪನಿ ತನ್ನ ಫೋನುಗಳ ಬಗ್ಗೆ 2024ರಲ್ಲಿ ಹೇಳಿತು. ಮಲೆನಾಡಿನ ಮಳೆಗಾಲದ ಅಕ್ಕಿಯೋ, ತಾನೇ ಥಂಡಿ ಹಿಡಿದು ಕೂತಿರುತ್ತದೆ. ಅದು ಟ್ಯಾಬಿನ ನೀರು ಹೀರುವುದೆಲ್ಲಿ ಬಂತು?

ಆ ಸೀರೆಚೀಲದ ಟ್ಯಾಬನ್ನು ಈಚೆಗೆ ಮತ್ತೆ ನೋಡಿದೆ. ಹುಡುಗ ಕಾಲೇಜಿಗೆಂದು ಶಿವಮೊಗ್ಗಕ್ಕೆ ಹೋಗಿ, ಟ್ಯಾಬು ಅಮ್ಮನ ಪಾಲಿಗೆ ಬಂದಿದೆ. ಕಾರ್ಖಾನೆಯ ಹಾಳೆ ಹೋಗಿದೆ, ಪೌಚಿನ ಮುಚ್ಚಳ ಕಿತ್ತಿದೆ, ಮೇಲಿನ ಗ್ಲಾಸಿಗೆ ಒಂದು ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು. ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಭರಣಿಗೆ ಒರಗಿಸಿಟ್ಟುಕೊಂಡು, ಒಗ್ಗರಣೆ ಹಾಕುತ್ತ ಮಗನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದರು. ಎಣ್ಣೆ ಸಿಡಿದಾಗಲೊಮ್ಮೆ ‘ತಡಿಯಪ್ಪಾ’ ಎಂದು ಹೇಳಿ, ಸೆರಗಿಗೆ ಕೈ ಹಾಕಿದವರು ನನ್ನನ್ನು ನೋಡಿ ಬಿಟ್ಟು, ಗೂಟಕ್ಕೆ ಸಿಕ್ಕಿಸಿದ್ದ ಮೆತ್ತನೆ ಬಟ್ಟೆ ತೆಗೆದುಕೊಂಡರು. ಸೀರೆಚೀಲ ಏನಾಯಿತೆಂದು ಕೇಳಿದೆ. ಅದರಲ್ಲಿ ಈಗ ಏಲಕ್ಕಿ ಕಟ್ಟಿಟ್ಟಿದ್ದಾರಂತೆ.