ಕೂಲರ್ ಹಾಕಿದ ರಾತ್ರಿ ಕೆಮ್ಮು

ಮಕ್ಕಳೇ, ನಮ್ಮ ಹೊಸಪೇಟೆ ಬಿಸಿಲೂರು. ಬೂಷ್ಟು ಅನ್ನುವುದು ಮಲೆನಾಡಿನವರ ಪಾಡು, ನಮಗೇನು ಅಂತ ಇಷ್ಟು ವರ್ಷ ನಾನೂ ಅಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗನ ಕೆಮ್ಮು ಆ ಲೆಕ್ಕ ತಪ್ಪು ಅಂತ ತೋರಿಸಿತು.

ಮೂರನೇ ಕ್ಲಾಸಿನ ಹುಡುಗ. ಯುಗಾದಿ ಕಳೆದ ಮೇಲೆ ರಾತ್ರಿ ಹೊತ್ತು ಕೆಮ್ಮು ಶುರುವಾಯಿತು. ಮಲಗಿದರೆ ಎದೆಯಲ್ಲಿ ಪೀಪಿ ಊದಿದಂಥ ಸದ್ದು. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತು, "ತಾತ, ಉಸಿರು ಸಾಲ್ತಿಲ್ಲ" ಅಂದ. ಆ ಮಾತು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು.

ಅಸ್ತಮಾ ಅಂದರು ಡಾಕ್ಟರು. ಇನ್ಹೇಲರ್ ಬರೆದುಕೊಟ್ಟರು. "ಅದು ಚಟ ಆಗುತ್ತಂತಲ್ಲ" ಅಂತ ನಮ್ಮ ಮನೆಯಾಕೆ ಅಂಜಿದಳು. ಚಟ ಆಗುವುದಿಲ್ಲ, ಔಷಧ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಸ್ವಲ್ಪವೇ ಸಾಕು ಅಂತ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು: "ಶಾಲೆಯಲ್ಲೂ ಕೆಮ್ಮುತ್ತಾನಾ?" ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಜಮಾ ಖರ್ಚು ಬರೆದ ಕೈ ನನ್ನದು. ಮಾರನೇ ದಿನದಿಂದ ನೋಟುಬುಕ್ಕಿನಲ್ಲಿ ಕೆಮ್ಮಿನ ಲೆಕ್ಕ ಇಟ್ಟೆ. ಶಾಲೆಯಲ್ಲಿ ಕೆಮ್ಮಿಲ್ಲ. ಕಂಪ್ಲಿಯಲ್ಲಿ ಅವನ ಅಮ್ಮನ ತವರಿಗೆ ಹೋಗಿ ನಾಲ್ಕು ರಾತ್ರಿ ಮಾಳಿಗೆ ಮೇಲೆ ಮಲಗಿದ, ಒಂದು ಸಲವೂ ಇಲ್ಲ. ಹೊಸಪೇಟೆಗೆ ಬಂದ ರಾತ್ರಿಯೇ ಮತ್ತೆ ಶುರು. ಕರೆಂಟ್ ಹೋಗಿ ಹೊರಗೆ ಮಲಗಿದ ರಾತ್ರಿ ಮಾತ್ರ ಕಡಿಮೆ. ಲೆಕ್ಕ ತಾಳೆಯಾಯಿತು: ಕೂಲರ್!

ಹಿಂದಿನ ಜೂನಿನಲ್ಲಿ ಒದ್ದೆ ಆರದಿದ್ದರೂ ಅದನ್ನು ಮೂಲೆಗೆ ತಳ್ಳಿ ಹಳೇ ಸೀರೆ ಹೊದಿಸಿದ್ದೆ. ಪ್ಯಾಡ್ ಬದಲಿಸೋಣ ಅಂತ ಮಗ ಹೇಳಿದಾಗ, "ಇನ್ನೊಂದು ವರ್ಷ ಬರುತ್ತೆ ಬಿಡು" ಅಂದವನೂ ನಾನೇ. ಜಾಲರಿ ಬಿಚ್ಚಿದರೆ ಪ್ಯಾಡಿನ ಹುಲ್ಲೆಲ್ಲ ಕಪ್ಪು, ಹಸಿರು. ನೆನೆದ ಗೋಣಿಚೀಲದ ವಾಸನೆ. ತೊಟ್ಟಿಯ ತಳದಲ್ಲಿ ಲೋಳೆ. ಆ ಪ್ಯಾಡಿನ ಮೂಲಕ ಎಳೆದ ಗಾಳಿಯನ್ನೇ ಇಡೀ ರಾತ್ರಿ ಮಗುವಿನ ಮುಖಕ್ಕೆ ಬಿಟ್ಟಿದ್ದೆವು.

ಬೂಷ್ಟು ಕೆಟ್ಟ ಜಾತಿಯದೇ ಅಂತಲ್ಲ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಬೂಷ್ಟಿನಿಂದಲೇ. ಆದರೆ ಅದು ಗಾಳಿಗೆ ಬಿಡುವ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಉಸಿರಿನ ಜೊತೆ ಒಳಗೆ ಹೋಗುತ್ತವೆ. ಅಸ್ತಮಾ ಇದ್ದವರ ಶ್ವಾಸನಾಳ ಕೆರಳಿ ಬಿಗಿಯುತ್ತದೆ. ಕೋಣೆಯಲ್ಲಿ ತೇವ ನಿಂತರೆ ಹಾಸಿಗೆ ದಿಂಬಿನ ಧೂಳುಹುಳಗಳಿಗೂ ಹಬ್ಬ. ಇವು ತಿಗಣೆಯಲ್ಲ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಅವುಗಳ ಹಿಕ್ಕೆಯಿಂದಲೂ ಅಲರ್ಜಿ.

ಸಂಡೂರಿನಲ್ಲಿರುವ ನನ್ನ ಹಳೇ ಸಹೋದ್ಯೋಗಿ ಅದಿರಿನ ಕೆಂಪು ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಕೂಲರ್ ಹಾಕುತ್ತಾನೆ. ಧೂಳು ಹೊರಗೆ ಉಳಿಯಿತು ನಿಜ, ತೇವ ಒಳಗೇ ಉಳಿಯಿತಲ್ಲ! ಕೂಲರ್ ಎಸಿ ಅಲ್ಲ ಮಾರಾಯ ಅಂತ ಫೋನಿನಲ್ಲಿ ಹೇಳಿದೆ. ನೀರು ಆವಿಯಾಗಿಯೇ ಅದರ ಗಾಳಿ ತಂಪಾಗುವುದು. ಆ ತೇವ ಹೊರಹೋಗಲು ಎದುರಿನ ಕಿಟಕಿ ತುಸು ತೆರೆದಿರಬೇಕು.

ಹೊಸ ಪ್ಯಾಡ್ ಹಾಕಿಸಿದೆವು. ಈಗ ಭಾನುವಾರ ಭಾನುವಾರ ತೊಟ್ಟಿ ಬರಿದು ಮಾಡಿ, ಉಜ್ಜಿ, ಬಿಸಿಲಿಗೆ ಒಣಗಿಸುತ್ತೇವೆ. ಡೆಂಗೀ ಸೊಳ್ಳೆ ಮೊಟ್ಟೆಯಿಡುವುದೂ ತಪ್ಪುತ್ತದೆ. ಬೂಷ್ಟನ್ನು ಒಣ ಪೊರಕೆಯಿಂದ ಜಾಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು, ಆಗ ಮೊಮ್ಮಗ ಹತ್ತಿರ ಇರಕೂಡದು. ಇನ್ಹೇಲರ್ ಇನ್ನೂ ಇದೆ, ಡಾಕ್ಟರು ಹೇಳುವ ತನಕ ಬಿಡುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಯಾರೂ ಎದ್ದು ಕೂರುತ್ತಿಲ್ಲ.

ನಿಮ್ಮ ಮನೆ ಕೂಲರಿನ ಪ್ಯಾಡ್ ಯಾವ ಬಣ್ಣಕ್ಕಿದೆ, ನೋಡಿ ಬರೆಯಿರಿ ಮಕ್ಕಳೇ. ನೀವೇ ಬಿಚ್ಚಬೇಡಿ, ಮೊದಲು ಪ್ಲಗ್ ಕೀಳಿಸಿ, ಬಿಚ್ಚುವ ಕೆಲಸ ತಾತನಿಗೋ ಅಪ್ಪನಿಗೋ ಹಚ್ಚಿ.