ವಲಸೆಯ ಕಾನೂನೂ ಮನೆಗೆಲಸದ ಹೆಂಗಸೂ

ದೇಶದ ಗಡಿ ಎಂದೊಡನೆ ಮುಳ್ಳುತಂತಿಯ ಬೇಲಿಯೂ ಬಂದೂಕು ಹಿಡಿದ ಕಾವಲಿನವನೂ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ನಮ್ಮ ದೇಶದ ಒಂದು ಗಡಿ ಪಾಸ್‌ಪೋರ್ಟಿನ ಹಾಳೆಯ ಮೇಲೆಯೇ ಇದೆ. 1983ರ ವಲಸೆ ಕಾಯಿದೆಯ ಅಡಿಯಲ್ಲಿ, ಎಸ್.ಎಸ್.ಎಲ್.ಸಿ. ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಮೂರಕ್ಷರ ಬೀಳುತ್ತದೆ. ಅಂಥವರು ಕುವೈತ್, ಸೌದಿ ಅರೇಬಿಯ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಈ ಗಡಿ ಕಾಣುವುದೇ ಇಲ್ಲ.

ನಮ್ಮ ಚಿಂತಾಮಣಿಯಿಂದ ಹೊರಟ ರಸ್ತೆ ಮದನಪಲ್ಲಿ, ರಾಯಚೋಟಿಗಳನ್ನು ಹಾದು ಕಡಪ ಸೇರುತ್ತದೆ. ಆ ಸೀಮೆಯ ಹೆಂಗಸರು ಹಲವು ದಶಕಗಳಿಂದ ಕುವೈತಿಗೆ ಮನೆಗೆಲಸಕ್ಕೆ ಹೋಗುತ್ತಿದ್ದಾರೆ. (ಮಳೆಯ ವಿಷಯದಲ್ಲಿ ನಮಗೂ ಅವರಿಗೂ ಬಹಳ ಅಂತರವಿಲ್ಲ.) ಅಲ್ಲಿ ಅವರ ವೀಸಾ ಯಜಮಾನನ ಹೆಸರಿಗೆ ಕಟ್ಟುಬಿದ್ದಿರುತ್ತದೆ. ಸಂಬಳ ಕೊಡದಿದ್ದರೂ, ಹೊಡೆದರೂ, ಮನೆ ಬಿಟ್ಟು ಹೊರಬಂದವಳೇ ‘ಓಡಿಹೋದವಳು’ ಎಂಬ ಆಪಾದನೆಗೆ ಗುರಿಯಾಗುತ್ತಾಳೆ. ಇದನ್ನು ಕಂಡೇ ನಮ್ಮ ಸರ್ಕಾರ, ಇ.ಸಿ.ಆರ್. ಪಾಸ್‌ಪೋರ್ಟಿನ ಹೆಂಗಸಿಗೆ 30 ವರ್ಷ ತುಂಬಿರಬೇಕೆಂದು ವಿಧಿಸಿತು. ಯಜಮಾನನು 2,500 ಡಾಲರುಗಳ ಬ್ಯಾಂಕ್ ಖಾತರಿ ಕೊಡಬೇಕೆಂದೂ ಕೇಳಿತು. ಉದ್ದೇಶವೇನೋ ಒಳ್ಳೆಯದೇ.

ಪರಿಣಾಮವೇನಾಯಿತು? ಉದ್ಯೋಗಕ್ಕಲ್ಲದ ಪ್ರಯಾಣಕ್ಕೆ ಆ ಅನುಮತಿ ಬೇಡವಷ್ಟೆ. ದಲ್ಲಾಳಿಯು ಇಪ್ಪತ್ತೈದರ ಹೆಂಗಸಿಗೆ ವಿಸಿಟ್ ವೀಸಾ ಕೊಡಿಸಿ, ಬೇರೊಂದು ದೇಶದಲ್ಲಿ ಇಳಿಸಿ, ಅಲ್ಲಿಂದ ಮುಂದಕ್ಕೆ ಸಾಗಿಸುತ್ತಾನೆ. ಸರ್ಕಾರದ ಲೆಕ್ಕದಲ್ಲಿ ಅವಳು ಪ್ರವಾಸಿ. ಆದ್ದರಿಂದ ಕರಾರುಪತ್ರವಿಲ್ಲ, ವಿಮೆಯಿಲ್ಲ. ಅವಳು ಯಾವ ಮನೆಯಲ್ಲಿದ್ದಾಳೆಂಬುದು ರಾಯಭಾರ ಕಚೇರಿಗೂ ತಿಳಿಯದು. ನೇಪಾಳವೂ 2017ರಲ್ಲಿ ತನ್ನ ಹೆಂಗಸರು ಕೊಲ್ಲಿ ದೇಶಗಳ ಮನೆಗೆಲಸಕ್ಕೆ ಹೋಗುವುದನ್ನು ತಡೆಯಿತು. ಅವರು ತೆರೆದ ಗಡಿಯನ್ನು ದಾಟಿ ಭಾರತದ ವಿಮಾನ ನಿಲ್ದಾಣಗಳಿಂದ ಹೊರಟರು. ಕೋಡಿ ಬಿಡದೆ ಏರಿಯನ್ನು ಮಾತ್ರ ಎತ್ತರಿಸಿದರೆ ಕೆರೆಯ ಗತಿ ಏನೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕೆ?

ಬ್ಯಾಂಕ್ ಖಾತರಿಯ ಷರತ್ತನ್ನು 2017ರಲ್ಲಿ ಸರ್ಕಾರವೇ ಕೈಬಿಟ್ಟಿತು. 2021ರಲ್ಲಿ ಭಾರತವೂ ಕುವೈತೂ ಮನೆಗೆಲಸದವರ ನೇಮಕದ ಬಗೆಗೆ ಒಪ್ಪಂದ ಮಾಡಿಕೊಂಡವು. ನನಗೆ ಈ ಎರಡನೆಯ ದಾರಿಯೇ ಸರಿಯೆಂದು ತೋರುತ್ತದೆ. ವಯಸ್ಸಿನ ತಡೆಯನ್ನು ತೆಗೆದರೆ ಎಳೆಯ ಹೆಣ್ಣುಮಕ್ಕಳೆಲ್ಲ ಹೊರಟುಬಿಡುವರಲ್ಲವೆ ಎಂದು ಕೆಲವು ಮಿತ್ರರು ಆಕ್ಷೇಪಿಸಬಹುದು. ಅವರು ಈಗಲೂ ಹೋಗುತ್ತಲೇ ಇದ್ದಾರೆ, ಕತ್ತಲೆಯಲ್ಲಿ. ಮೇಲಾಗಿ, ಅದೇ ವಯಸ್ಸಿನವಳು ಅದೇ ಕೆಲಸಕ್ಕೆ ಹೊರಟರೂ, ಎಸ್.ಎಸ್.ಎಲ್.ಸಿ. ಪಾಸಾಗಿದ್ದರೆ ಅವಳಿಗೆ ಈ ನಿಬಂಧನೆ ತಗುಲುವುದಿಲ್ಲ. ಅಂಕಪಟ್ಟಿಯು ಯಜಮಾನನ ಕೈ ಹಿಡಿಯಬಲ್ಲುದೆ?

ಹೋಗುವವಳು ತನ್ನ ತಾಲ್ಲೂಕು ಕಚೇರಿಯಲ್ಲಿಯೇ ಹೆಸರು ಬರೆಸಿ, ಕರಾರನ್ನು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಓದಿಸಿಕೊಂಡು, ಅದರ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು ಹೊರಡುವಂತಾಗಬೇಕು. ಓದಿ ಹೇಳುವವರು ಬೇಕೆಂದಾದರೆ, ಎರಡು ಭಾಷೆಯನ್ನೂ ಬಲ್ಲ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.